ಜಿಮ್‌ಗೆ ಹೋಗ್ತಿದ್ದೇನೆ, ತಿಂದದ್ದು ಮಾತ್ರ ಮೈಗೆ ಹತ್ತುತ್ತಿಲ್ಲ: 174 ಸೆಂ.ಮೀ., 51 ಕೆಜಿ

ಹಂಚಿಕಡ್ಡಿ
ಎಲ್ಲರಿಗೂ ನಮಸ್ಕಾರ. ವಯಸ್ಸು 23. ಊರು ದಾವಣಗೆರೆ ಕಡೆ, ಈಗ ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಚಿಕ್ಕಂದಿನಿಂದಲೂ ನಾನು ಸಣ್ಣಗೇ ಇದ್ದೇನೆ. ಮದುವೆಮನೆಯಲ್ಲಿ ಸಿಕ್ಕವರೆಲ್ಲ "ಏನೋ, ಊಟ ಹಾಕಲ್ವೇನೋ ಮನೇಲಿ" ಅಂತ ಕೇಳುತ್ತಾರೆ. ಅಮ್ಮನಿಗೆ ಅದು ಬೇಜಾರು.

ಒಂದೆರಡು ತಿಂಗಳಿಂದ ಏರಿಯಾದ ಜಿಮ್‌ಗೆ ಹೋಗುತ್ತಿದ್ದೇನೆ. ಟ್ರೈನರ್ ಒಂದು ಚಾರ್ಟ್ ಕೊಟ್ಟಿದ್ದಾರೆ. ಸೋಮವಾರ ಚೆಸ್ಟ್, ಮಂಗಳವಾರ ಬ್ಯಾಕ್, ಬುಧವಾರ ಶೋಲ್ಡರ್, ಗುರುವಾರ ಬೈಸೆಪ್ಸ್, ಟ್ರೈಸೆಪ್ಸ್. ಲೆಗ್ಸ್ ಶನಿವಾರ "ಟೈಮ್ ಇದ್ರೆ". ಕೊನೆಗೆ ದಿನಾ ಅರ್ಧ ಗಂಟೆ ಟ್ರೆಡ್‌ಮಿಲ್. ತೂಕ ಅಲ್ಲಾಡಿಲ್ಲ. ಈಗ 3 ಕೆಜಿಯ ಮಾಸ್ ಗೇನರ್ (ತೂಕ ಏರಿಸೋ ಪುಡಿ) ಡಬ್ಬ ತಗೋ ಅಂತಿದ್ದಾರೆ. ತಗೋಬೇಕಾ? ನಮ್ಮ ಅಪ್ಪನೂ ಸಣ್ಣಗೇ ಇದ್ದಾರೆ. ನಮ್ಮ ಮೈಕಟ್ಟೇ ಇಷ್ಟಾ?

ರೊಟ್ಟಿಚಟ್ನಿ
ಡಬ್ಬದ ಮಾತು ಆಮೇಲೆ. ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದ್ರಿ ಅಂತ ಬರೀರಿ. "ಚೆನ್ನಾಗಿ ತಿಂತೀನಿ" ಅನ್ನೋ ಉತ್ತರ ಬೇಡ. ಎಷ್ಟು ಇಡ್ಲಿ, ಎಷ್ಟು ಚಪಾತಿ, ಅನ್ನ ಎಷ್ಟು, ಅದನ್ನು ಹೇಳಿ.

ಮಟ್ಟಿಮಣ್ಣು
ತಮ್ಮಾ, ಬೈಸೆಪ್ಸ್‌ಗೆ ಒಂದು ದಿನ ಪೂರ್ತಿ, ಕಾಲಿಗೆ "ಟೈಮ್ ಇದ್ರೆ"! ಆ ಚಾರ್ಟ್ ಮಡಚಿ ಇಡು. ಮೈಸೂರಿನ ಗರಡಿಯಲ್ಲಿ ಬೆಳೆದವನು ನಾನು. ಅಲ್ಲಿ ಹೊಸ ಹುಡುಗ ಬಂದರೆ ಮೊದಲು ಬಸ್ಕಿ, ಆಮೇಲೆ ದಂಡ. ಗದೆ ಮುಟ್ಟೋದಕ್ಕೆ ಬಿಡುತ್ತಿರಲಿಲ್ಲ. ಕಾಲು, ಸೊಂಟ, ಬೆನ್ನು ಗಟ್ಟಿಯಾಗದೆ ಮೇಲಿನದ್ದು ನಿಲ್ಲೋದಿಲ್ಲ ಅಂತ ಉಸ್ತಾದರು ಹೇಳೋರು.

ಹಂಚಿಕಡ್ಡಿ
@ರೊಟ್ಟಿಚಟ್ನಿ ನಿನ್ನೆಯದು: ಬೆಳಿಗ್ಗೆ 3 ಇಡ್ಲಿ, ಚಟ್ನಿ, ಸಾಂಬಾರ್, ಕಾಫಿ. ಮಧ್ಯಾಹ್ನ ಆಫೀಸ್‌ನಲ್ಲಿ ಒಂದು ತಟ್ಟೆ ಅನ್ನ, ಸಾಂಬಾರ್, ಪಲ್ಯ, ಒಂದು ಸಣ್ಣ ಕಪ್ ಮೊಸರು. ಸಂಜೆ ಟೀ, 4 ಬಿಸ್ಕತ್ತು. ರಾತ್ರಿ 2 ಚಪಾತಿ, ಸಾಗು, ಸ್ವಲ್ಪ ಅನ್ನ, ತಿಳಿಸಾರು. ಶನಿವಾರ ಭಾನುವಾರ ತಡವಾಗಿ ಏಳುತ್ತೇನೆ, ತಿಂಡಿ ಇರೋದಿಲ್ಲ. ಮನೆಯಲ್ಲಿ ಮೊಟ್ಟೆ ಇಲ್ಲ. ಪಿಜಿಯಲ್ಲಿ ತಿನ್ನುತ್ತೇನೆ, ಮನೆಗೆ ಗೊತ್ತಿಲ್ಲ.

ಲೆಕ್ಕದ_ಮೇಷ್ಟ್ರು
ಕೈಗೆ ಕ್ಯಾಲ್ಕುಲೇಟರ್ ಸಿಕ್ಕಿತು, ಬಿಡೋದಿಲ್ಲ.

ನಿಮ್ಮ ಈ ದಿನದ ಊಟ ಅಂದಾಜು 1,700ರಿಂದ 1,800 ಕ್ಯಾಲೊರಿ. ಪ್ರೋಟೀನ್ 45 ಗ್ರಾಂ ಆಸುಪಾಸು. ತಿಂಡಿ ಬಿಟ್ಟ ದಿನ ಇನ್ನೂ ಕಮ್ಮಿ. ನಿಮ್ಮ ಎತ್ತರ, ತೂಕ, ವಯಸ್ಸಿಗೆ ಸುಮ್ನೆ ಮಲಗಿದ್ದರೂ ಮೈಗೆ ಸುಮಾರು 1,500 ಕ್ಯಾಲೊರಿ ಬೇಕು. ಆಫೀಸ್, ಓಡಾಟ, ಜಿಮ್ ಸೇರಿದರೆ 2,200 ದಾಟುತ್ತದೆ. ಅದರ ಮೇಲೆ ಆ ಟ್ರೆಡ್‌ಮಿಲ್ ಬೇರೆ. ಹೀಗಿರುವಾಗ ತೂಕ ಏರದೆ ಇರೋದರಲ್ಲಿ ಆಶ್ಚರ್ಯ ಇಲ್ಲ. ಇಳಿದಿಲ್ಲವಲ್ಲ, ಅದೇ ದೊಡ್ಡದು. ಬಹುಶಃ ಬರೆಯೋದಕ್ಕೆ ಮರೆತ ಒಂದೆರಡು ವಡೆ ಇರಬೇಕು.

ತೂಕ ಏರಬೇಕಾದರೆ ಖರ್ಚಿಗಿಂತ 300ರಿಂದ 500 ಕ್ಯಾಲೊರಿ ಜಾಸ್ತಿ ಒಳಗೆ ಹೋಗಬೇಕು. ಅಂದರೆ ನಿಮಗೆ ದಿನಕ್ಕೆ ಸುಮಾರು 2,600. ಪ್ರೋಟೀನ್ ವಿಷಯಕ್ಕೆ 2018ರಲ್ಲಿ 49 ಅಧ್ಯಯನಗಳನ್ನು, ಅವುಗಳಲ್ಲಿದ್ದ 1,863 ಜನರ ಲೆಕ್ಕವನ್ನು ಒಟ್ಟು ಹಾಕಿ ನೋಡಿದ್ದರು. ತೂಕ ಎತ್ತುವವರಿಗೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1.6 ಗ್ರಾಂವರೆಗೆ ಪ್ರೋಟೀನ್ ತಿಂದರೆ ಪ್ರಯೋಜನ ಕಾಣುತ್ತದೆ, ಅದರ ಮೇಲೆ ಹೆಚ್ಚೇನೂ ಇಲ್ಲ ಅಂತ ಬಂತು. ನಿಮಗೆ ಅದು 82 ಗ್ರಾಂ. ಈಗ ತಿನ್ನುತ್ತಿರುವುದರ ಹತ್ತಿರ ಹತ್ತಿರ ದುಪ್ಪಟ್ಟು.

ಈಗಿನ ಊಟ ಏನನ್ನೂ ಬಿಡಬೇಡಿ. ಅದರ ಮೇಲೆ ಇದಿಷ್ಟು ಸೇರಿಸಿ: ಅರ್ಧ ಲೀಟರ್ ಹಾಲು, 3 ಮೊಟ್ಟೆ, 50 ಗ್ರಾಂ ಕಡಲೆಬೀಜ, 2 ಪಚ್ಚಬಾಳೆ. ಹತ್ತಿರ ಹತ್ತಿರ 1,000 ಕ್ಯಾಲೊರಿ, 48 ಗ್ರಾಂ ಪ್ರೋಟೀನ್. ಒಟ್ಟು 2,700, ಪ್ರೋಟೀನ್ 90ರ ಮೇಲೆ. ಒಲೆ ಹಚ್ಚೋ ಕೆಲಸ ಮೊಟ್ಟೆಗೆ ಮಾತ್ರ. ಪಿಜಿಯಲ್ಲಿ ಒಂದು ಎಲೆಕ್ಟ್ರಿಕ್ ಕೆಟಲ್ ಇದ್ದರೆ ಅದೂ ಆಯಿತು.

ಪುಳಿಯೋಗರೆ_ಪ್ರೇಮಿ
ಕೆಟಲ್‌ನಲ್ಲಿ ಮೊಟ್ಟೆ ಬೇಯಿಸಿದ್ದಕ್ಕೆ ನಮ್ಮ ಪಿಜಿ ಆಂಟಿ ಅಡ್ವಾನ್ಸ್ ಹಣದಲ್ಲಿ ಹಿಡಿದುಕೊಂಡರು. ಕೋಣೆಗೆ ಬಂದು ಮೂಸಿ ನೋಡುತ್ತಿದ್ದರು. ಹುಷಾರು.

ಮುದ್ದೆ_ನುಂಗಪ್ಪ
ಇಷ್ಟೆಲ್ಲ ಯಾಕೆ? ದಿನಕ್ಕೆ ಎರಡು ಮುದ್ದೆ ನುಂಗಲಿ. ನಮ್ಮ ತಾತ ಮುದ್ದೆ ತಿಂದೇ ಕ್ವಿಂಟಾಲ್ ಮೂಟೆ ಹೊತ್ತಿದ್ದು. ರಾಗಿ ತಿಂದವನಿಗೆ ರೋಗವಿಲ್ಲ.

ಲೆಕ್ಕದ_ಮೇಷ್ಟ್ರು
@ಮುದ್ದೆ_ನುಂಗಪ್ಪ ಮುದ್ದೆ ಖಂಡಿತ ತಿನ್ನಲಿ ಸ್ವಾಮಿ, ನಾನೂ ಮಂಡ್ಯದವನೇ. ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿ ಪ್ರೋಟೀನ್ 7 ಗ್ರಾಂ ಅಷ್ಟೇ. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿದೆ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಮಾಂಸ ಬೆಳೆಸೋ ಸರಕು ಜೊತೆಗಿರುವ ಸಾರಿನಲ್ಲಿದೆ. ಹುರುಳಿಕಾಳಲ್ಲಿ 100 ಗ್ರಾಂಗೆ 22 ಗ್ರಾಂ ಪ್ರೋಟೀನ್. ನಾವು ಮಾಡೋದೇನು? ಕಟ್ಟು ಬಸಿದು ಸಾರು ಮಾಡಿ ಮುದ್ದೆ ಮುಳುಗಿಸಿ ನುಂಗುತ್ತೇವೆ, ಕಾಳಿನ ಪಲ್ಯ ಒಂದು ಸೌಟು ಬಡಿಸಿಕೊಂಡು ಅರ್ಧ ಬಿಡುತ್ತೇವೆ. ಆ ಕಾಳನ್ನು ಒಂದು ಬಟ್ಟಲು ತಿನ್ನಿ.

ಇನ್ನು ತಾತನವರು ಮೂಟೆ ಹೊತ್ತರಲ್ಲ, ಆ ಹೊರುವ ಕೆಲಸವೂ ಲೆಕ್ಕಕ್ಕೆ ಬರುತ್ತದೆ.

ರೊಟ್ಟಿಚಟ್ನಿ
ಮೊಟ್ಟೆ ಪೂರ್ತಿ ಬೇಡ ಅನ್ನೋರಿಗೆ ನಮ್ಮ ಕಡೆ ಪದ್ಧತಿ ಹೇಳ್ತೀನಿ. ಜೋಳದ ರೊಟ್ಟಿ, ಹೆಸರುಕಾಳು ಇಲ್ಲಾ ಮಡಿಕೆಕಾಳು ಪಲ್ಯ, ಮೇಲೆ ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಇದರಲ್ಲಿ ಹಿಡಿ ಪುಡಿಗೇ ಎಂಟು ಹತ್ತು ಗ್ರಾಂ ಪ್ರೋಟೀನ್ ಬರ್ತದ. ಜೊತೆಗೆ ಸೋಯಾ ಚಂಕ್ಸ್. ಒಣಗಿದ್ದು 30 ಗ್ರಾಂ ತಗೊಂಡ್ರೆ 15 ಗ್ರಾಂ ಪ್ರೋಟೀನ್, ಅದಕ್ಕಿಂತ ಅಗ್ಗದ್ದು ಅಂಗಡಿಯಲ್ಲಿ ಸಿಗೋದಿಲ್ಲ. ಬಿಸಿನೀರಲ್ಲಿ ನೆನೆಸಿ, ಎರಡು ಸಲ ಹಿಂಡಿ ನೀರು ಚೆಲ್ಲಿ. ಇಲ್ಲಾಂದ್ರೆ ಆ ವಾಸನೆ ಹೋಗೋದಿಲ್ಲ.

ಎಂಬಿಬಿಎಸ್_ಬಳ್ಳಾರಿ
ನಡುವೆ ಬಾಯಿ ಹಾಕುತ್ತಿದ್ದೇನೆ. 174 ಸೆಂ.ಮೀ.ಗೆ 51 ಕೆಜಿ ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 16.8. 18.5ರ ಕೆಳಗೆ ಬಂದರೆ ಕಡಿಮೆ ತೂಕ ಅಂತಲೇ ಲೆಕ್ಕ. ಚಿಕ್ಕಂದಿನಿಂದ ಹೀಗೇ, ತಂದೆಯೂ ಸಣ್ಣಗಿದ್ದಾರೆ, ಊಟದ ಲೆಕ್ಕವೂ ಕಮ್ಮಿ ಬಂದಿದೆ. ಹಾಗಾಗಿ ಕಾಯಿಲೆ ಇರಲಿಕ್ಕಿಲ್ಲ. ಆದರೂ ಒಮ್ಮೆ ಫಿಸಿಷಿಯನ್ ಹತ್ತಿರ ಹೋಗಿ ಬನ್ನಿ. ರಕ್ತಕಣಗಳ ಎಣಿಕೆಗೆ ಸಿಬಿಸಿ, ಸಕ್ಕರೆ, ಥೈರಾಯ್ಡ್‌ಗೆ ಟಿಎಸ್‌ಎಚ್, ಇಷ್ಟು ನೋಡಿದರೆ ಸಾಕಾಗಬಹುದು. ಜಂತುಹುಳುವಿನ ಮಾತ್ರೆ ಬೇಕಾ ಅಂತಲೂ ಅಲ್ಲೇ ಕೇಳಿ.

ತೂಕ ತಾನಾಗಿ ಇಳಿಯುತ್ತಿದ್ದರೆ, ವಾರಗಟ್ಟಲೆ ಕೆಮ್ಮು, ಸಂಜೆ ಜ್ವರ, ಪದೇ ಪದೇ ಬಾಯಾರಿಕೆ ಮತ್ತು ಮೂತ್ರ, ಊಟದ ನಂತರ ಭೇದಿ, ಎದೆ ಡವಡವ, ಇದರಲ್ಲಿ ಯಾವುದಿದ್ದರೂ ಜಿಮ್ ಮಾತು ಬಿಟ್ಟು ಮೊದಲು ಡಾಕ್ಟರ್.

ಕಬ್ಬಿಣದಂಗಡಿ
ಊಟ ಆಯಿತು, ಈಗ ಕೆಲಸ. ಹೊಸಬರಿಗೆ ವಾರಕ್ಕೆ 3 ದಿನ ಸಾಕು. ಪ್ರತಿ ದಿನವೂ ಪೂರ್ತಿ ಮೈ. ಸೋಮವಾರ, ಬುಧವಾರ, ಶುಕ್ರವಾರ ಅಂತ ಇಟ್ಟುಕೊಳ್ಳಿ. ಒಂದು ದಿನ ಸ್ಕ್ವಾಟ್ (ಹೆಗಲ ಮೇಲೆ ರಾಡ್ ಇಟ್ಟು ಕೂತು ಏಳೋದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲಕ್ಕೆ ತಳ್ಳೋದು), ಬಗ್ಗಿ ಎಳೆಯೋ ರೋ. ಇನ್ನೊಂದು ದಿನ ಡೆಡ್‌ಲಿಫ್ಟ್ (ನೆಲದಿಂದ ಎತ್ತೋದು), ಓವರ್‌ಹೆಡ್ ಪ್ರೆಸ್ (ತಲೆಯ ಮೇಲಕ್ಕೆ ತಳ್ಳೋದು), ಲ್ಯಾಟ್ ಪುಲ್‌ಡೌನ್ (ಮೇಲಿನ ಕಂಬಿ ಕೆಳಕ್ಕೆ ಎಳೆಯೋದು). ಈ ಎರಡು ಪಟ್ಟಿ ಒಂದಾದ ಮೇಲೆ ಒಂದು ದಿನ. ಮನಸ್ಸಿಗೆ ಸಮಾಧಾನ ಆಗಬೇಕಾದರೆ ಕೊನೆಗೆ ಎರಡು ಸೆಟ್ ಬೈಸೆಪ್ಸ್ ಹೊಡೀರಿ, ಯಾರೂ ಬೇಡ ಅನ್ನೋದಿಲ್ಲ.

ಪ್ರತಿಯೊಂದೂ 3 ಸೆಟ್, ಸೆಟ್‌ಗೆ 8ರಿಂದ 12 ರೆಪ್ (ಒಮ್ಮೆ ಎತ್ತಿ ಇಳಿಸಿದರೆ ಒಂದು ರೆಪ್, ಬಿಡದೆ ಮಾಡಿದಷ್ಟೂ ಸೇರಿ ಒಂದು ಸೆಟ್). ಡೆಡ್‌ಲಿಫ್ಟ್ ಮಾತ್ರ 5ರಿಂದ 8 ಸಾಕು. ಸೆಟ್ ಮುಗಿದಾಗ ಇನ್ನು ಎರಡು ರೆಪ್ ಆಗುತ್ತಿತ್ತು ಅನ್ನಿಸಬೇಕು, ಆರು ಆಗುತ್ತಿತ್ತು ಅನ್ನಿಸಬಾರದು. ದೊಡ್ಡ ವ್ಯಾಯಾಮಗಳ ಸೆಟ್‌ಗಳ ನಡುವೆ ಎರಡು ಮೂರು ನಿಮಿಷ ಕೂತು ಸುಧಾರಿಸಿಕೊಳ್ಳಿ. ಮೊಬೈಲ್ ನೋಡಿದರೆ ಅದು ಹತ್ತು ನಿಮಿಷ ಆಗುತ್ತದೆ.

ಈಗ ಮುಖ್ಯ ವಿಷಯ. ಒಂದು ನೋಟ್‌ಬುಕ್ ಇಡಿ. "ಬೆಂಚ್, 25 ಕೆಜಿ, 10, 9, 8" ಅಂತ ಬರೀರಿ. ಮುಂದಿನ ಸಲ 10, 10, 9 ಆಗಬೇಕು. ಮೂರೂ ಸೆಟ್ 12 ಮುಟ್ಟಿದ ದಿನ 2.5 ಕೆಜಿ ಏರಿಸಿ, ಮತ್ತೆ 8ಕ್ಕೆ ಇಳಿಯುತ್ತೀರಿ, ಮತ್ತೆ ಹತ್ತುತ್ತೀರಿ. ಯಾವ ಚಾರ್ಟ್ ಅನ್ನೋದು ಅಷ್ಟು ಮುಖ್ಯ ಅಲ್ಲ. ಆರು ತಿಂಗಳಾದ ಮೇಲೂ ಅದೇ 5 ಕೆಜಿ ಡಂಬೆಲ್ ಹಿಡಿದಿದ್ದರೆ ಮೈ ಯಾಕೆ ಬದಲಾಗಬೇಕು? ಅದಕ್ಕೆ ಅವಶ್ಯಕತೆಯೇ ಬಿದ್ದಿಲ್ಲ.

ಒಂದು ಸಣ್ಣ ಸಂಗತಿ. ಒಲಿಂಪಿಕ್ ಬಾರ್ 20 ಕೆಜಿ ಇರುತ್ತದೆ. ನಮ್ಮ ಏರಿಯಾ ಜಿಮ್‌ಗಳಲ್ಲಿ ಸಣ್ಣ ರಾಡ್ ಇರುತ್ತವಲ್ಲ, ಅವು ಒಂದೊಂದು ಒಂದೊಂದು ತೂಕ. ತೂಕದ ಮೆಷಿನ್ ಮೇಲೆ ರಾಡ್ ಹಿಡಿದು ನಿಂತು ನಿಮ್ಮ ತೂಕ ಕಳೆಯಿರಿ. ಪ್ಲೇಟ್ ಮೇಲೆ ಬರೆದಿರೋದನ್ನೂ ನಂಬಬೇಡಿ.

ಮಟ್ಟಿಮಣ್ಣು
ಈ ನೋಟ್‌ಬುಕ್ ಮಾತು ಗರಡಿಯಲ್ಲೂ ಇತ್ತು, ಉಸ್ತಾದರ ತಲೆಯಲ್ಲಿ. ಈ ವಾರ ಇಷ್ಟು ಬಸ್ಕಿ, ಮುಂದಿನ ವಾರ ಇಷ್ಟು ಜಾಸ್ತಿ. ಹೊಸಬ ಹುಮ್ಮಸ್ಸಿನಲ್ಲಿ ಜಾಸ್ತಿ ಹೊಡೆದರೆ ಬೈಗುಳ.

ಎಂಬಿಬಿಎಸ್_ಬಳ್ಳಾರಿ
ಆ ಬೈಗುಳಕ್ಕೆ ಕಾರಣ ಇದೆ. ಅಭ್ಯಾಸ ಇಲ್ಲದ ಮೈಯಲ್ಲಿ ಮೊದಲ ದಿನವೇ ನೂರಾರು ಬಸ್ಕಿ ಹೊಡೆದು ಆಸ್ಪತ್ರೆಗೆ ಬರುವವರಿದ್ದಾರೆ. ಸ್ನಾಯು ಒಡೆದು ಅದರೊಳಗಿನದ್ದು ರಕ್ತಕ್ಕೆ ಇಳಿಯುತ್ತದೆ, ಮೂತ್ರಪಿಂಡಕ್ಕೆ ಹೊರೆ. ಎರಡು ಮೂರು ದಿನ ಮೈಕೈ ನೋವು ಇರೋದು ಸಹಜ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ತೊಡೆ ಊದಿ ಬಿಗಿದುಕೊಂಡರೆ ಅದು ಸಹಜ ಅಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಂಚಿಕಡ್ಡಿ
ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಮಾಸ್ ಗೇನರ್? ಟ್ರೈನರ್ ದಿನಾ ಕೇಳ್ತಿದ್ದಾರೆ. ಹಾಲು ಕುಡಿದರೆ ನನಗೆ ಸ್ವಲ್ಪ ಹೊಟ್ಟೆ ಉಬ್ಬರ ಬೇರೆ.

ಕಬ್ಬಿಣದಂಗಡಿ
ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರೋದನ್ನು ಓದಿ. ಹೆಚ್ಚಿನ ಮಾಸ್ ಗೇನರ್‌ಗಳಲ್ಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ಮಾಡಿದ ಪುಡಿ. ನೂರು ಗ್ರಾಂನಲ್ಲಿ ಕಾರ್ಬೋಹೈಡ್ರೇಟ್ ಎಷ್ಟು, ಪ್ರೋಟೀನ್ ಎಷ್ಟು ಹೋಲಿಸಿ ನೋಡಿ, ನಿಮಗೇ ನಗು ಬರುತ್ತದೆ. ಅಕ್ಕಿಹಿಟ್ಟಿಗೆ ಚಾಕೊಲೇಟ್ ಪರಿಮಳ ಹಾಕಿದ ಹಾಗೆ, ದುಡ್ಡು ಮಾತ್ರ ಪ್ರೋಟೀನಿನದ್ದು.

ಮನೆ ಗೇನರ್: ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಎರಡು ಚಮಚ ಹುರಿಗಡಲೆ ಹಿಟ್ಟು, ಒಂದು ಹಿಡಿ ಹುರಿದ ಕಡಲೆಬೀಜ, ಬೆಲ್ಲ. ಮಿಕ್ಸಿಗೆ ಹಾಕಿ. ಪಿಜಿಯಲ್ಲಿ ಮಿಕ್ಸಿ ಇಲ್ಲದಿದ್ದರೆ ಊರಿಂದ ಬರುವಾಗ ಹುರಿಗಡಲೆ, ಕಡಲೆಬೀಜ ಒಟ್ಟಿಗೆ ಪುಡಿ ಮಾಡಿಸಿ ಡಬ್ಬದಲ್ಲಿ ತನ್ನಿ, ಹಾಲಿಗೆ ಕಲಸಿಕೊಳ್ಳಿ. ಕಡಲೆಬೀಜದ ಪುಡಿ ಜಿಡ್ಡು ಬಿಡುತ್ತದೆ, ಒಂದೇ ಸಲ ತಿಂಗಳಿಗಾಗುವಷ್ಟು ಮಾಡಿಸಬೇಡಿ.

ಹಾಲು ಒಗ್ಗದಿದ್ದರೆ ಒಮ್ಮೆಗೇ ಅರ್ಧ ಲೀಟರ್ ಇಳಿಸಬೇಡಿ, ಕಾಲು ಲೀಟರ್‌ನಂತೆ ಎರಡು ಸಲ ಕುಡಿದು ನೋಡಿ. ಆಗಲೂ ಉಬ್ಬರ ಬಂದರೆ ಮೊಸರಿಗೆ ಬದಲಾಯಿಸಿ. ಹೆಪ್ಪಿನಲ್ಲಿ ಲ್ಯಾಕ್ಟೋಸ್ (ಉಬ್ಬರ ತರೋ ಹಾಲಿನ ಸಕ್ಕರೆ) ಸ್ವಲ್ಪ ಕಮ್ಮಿಯಾಗುತ್ತದೆ, ಹೆಚ್ಚಿನವರಿಗೆ ಒಗ್ಗುತ್ತದೆ.

ಲೆಕ್ಕದ_ಮೇಷ್ಟ್ರು
ವೇ ಪ್ರೋಟೀನ್ ಬೇರೆ, ಮಾಸ್ ಗೇನರ್ ಬೇರೆ. ವೇ ಅಂದರೆ ಹಾಲು ಒಡೆದಾಗ ಉಳಿಯೋ ನೀರಿನ ಪ್ರೋಟೀನ್. ಒಂದು ಸ್ಕೂಪ್‌ನಲ್ಲಿ ಸುಮಾರು 24 ಗ್ರಾಂ. ಊಟದಲ್ಲಿ 82 ಮುಟ್ಟಿದರೆ ಅದು ಬೇಡ. ಮುಟ್ಟದಿದ್ದರೆ ಅನುಕೂಲ, ಅಷ್ಟೇ. ತಗೊಳ್ಳೋದಾದರೆ ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್‌ನ 14 ಅಂಕಿ ಇದೆಯಾ, ಸೀಲ್ ಸರಿ ಇದೆಯಾ ನೋಡಿ. ಜಿಮ್ ಕೌಂಟರ್‌ನಲ್ಲಿ ಬಿಡಿ ಪ್ಯಾಕೆಟ್‌ನಲ್ಲಿ ಕೊಡೋದನ್ನು ಮುಟ್ಟಬೇಡಿ.

ದುಡ್ಡು ಉಳಿದರೆ ಕ್ರಿಯಾಟಿನ್ ಮೊನೊಹೈಡ್ರೇಟ್ (ಸ್ನಾಯುವಿಗೆ ಶಕ್ತಿ ಒದಗಿಸೋ ಪುಡಿ), ದಿನಕ್ಕೆ 3ರಿಂದ 5 ಗ್ರಾಂ. ಇದರ ಮೇಲೆ ದಶಕಗಳಿಂದ ಅಧ್ಯಯನ ಆಗಿದೆ, ಆರೋಗ್ಯವಂತರ ಕಿಡ್ನಿಗೆ ತೊಂದರೆ ಕಂಡಿಲ್ಲ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡೋದು) ಅಂಕಿ ಸ್ವಲ್ಪ ಜಾಸ್ತಿ ತೋರಿಸಬಹುದು, ಡಾಕ್ಟರ್‌ಗೆ ಮೊದಲೇ ಹೇಳಿ. ಮೊದಲ ವಾರಗಳಲ್ಲಿ ಒಂದು ಕೆಜಿ ಏರಿದರೆ ಕುಣಿಯಬೇಡಿ, ಅದು ಸ್ನಾಯುವಿನೊಳಗೆ ಸೇರಿದ ನೀರು.

ಫಾಸ್ಟ್_ರಿಸಲ್ಟ್
ಗುರು, ಇದೆಲ್ಲ ವರ್ಷಗಟ್ಟಲೆ ಆಗೋ ಕೆಲಸ. ನಮ್ಮ ಜಿಮ್‌ನಲ್ಲಿ ಒಬ್ಬರು ಎಂಟು ವಾರದ ಕೋರ್ಸ್ ಕೊಡ್ತಾರೆ, ಇಂಜೆಕ್ಷನ್. 10 ಕೆಜಿ ಗ್ಯಾರಂಟಿ. ಇನ್‌ಬಾಕ್ಸ್‌ಗೆ ಬಾ.

ಎಂಬಿಬಿಎಸ್_ಬಳ್ಳಾರಿ
ಬೇಡ. ಇಂತಹ ಇಂಜೆಕ್ಷನ್ ಅಂದರೆ ಸಾಮಾನ್ಯವಾಗಿ ಗಂಡಸಿನ ಹಾರ್ಮೋನ್ ಟೆಸ್ಟೊಸ್ಟೆರೋನ್. ಅದನ್ನು ಹೊರಗಿಂದ ಚುಚ್ಚಿಕೊಂಡರೆ ಮೈ ತನ್ನದನ್ನು ತಯಾರಿಸೋದು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಕೋರ್ಸ್ ನಿಂತ ಮೇಲೂ ತಿಂಗಳುಗಟ್ಟಲೆ ಸರಿಹೋಗದೆ ಇರಬಹುದು. ಒಳ್ಳೆ ಕೊಲೆಸ್ಟರಾಲ್ ಬೀಳುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ಗಂಡಸರಿಗೆ ಎದೆ ಹೆಂಗಸರಂತೆ ಬೆಳೆಯಬಹುದು. ಇಂತಹ ಔಷಧಿಗೆ ಡಾಕ್ಟರ್ ಚೀಟಿ ಬೇಕು. ಜಿಮ್‌ನವನು ಡಾಕ್ಟರ್ ಅಲ್ಲ, ಸೀಸೆಯೊಳಗೆ ಏನಿದೆ ಅಂತ ಅವನಿಗೂ ಗೊತ್ತಿರೋದಿಲ್ಲ.

ಮಾಡರೇಟರ್
@ಫಾಸ್ಟ್_ರಿಸಲ್ಟ್ ಅವರ ಖಾತೆ ಬಂದ್ ಮಾಡಿದ್ದೇವೆ. ಇನ್‌ಬಾಕ್ಸ್‌ಗೆ ಮೆಸೇಜ್ ಬಂದಿದ್ದರೆ ರಿಪೋರ್ಟ್ ಮಾಡಿ. ಚರ್ಚೆ ಮುಂದುವರಿಯಲಿ.

ಸಂಜೆಮಲ್ಲಿಗೆ_ಶಿವಮೊಗ್ಗ
ಎಲ್ಲ ಅಣ್ಣಂದಿರೇ ಮಾತಾಡ್ತಿದ್ದೀರಿ, ಸಣ್ಣಗಿರೋ ಹುಡುಗಿಯರೂ ಇದ್ದೇವೆ ಇಲ್ಲಿ! ನಾನು 42 ಕೆಜಿಯಲ್ಲಿ ಶುರು ಮಾಡಿದವಳು. "ವೇಟ್ ಎತ್ತಿದರೆ ಗಂಡಸಿನ ಥರ ಆಗ್ತೀಯ" ಅಂತ ಚಿಕ್ಕಮ್ಮಂದಿರ ಉಪದೇಶ ಉಚಿತ. ಹೆಂಗಸರಲ್ಲಿ ಟೆಸ್ಟೊಸ್ಟೆರೋನ್ ಗಂಡಸರಿಗಿಂತ ಎಷ್ಟೋ ಪಟ್ಟು ಕಮ್ಮಿ, ಹಾಗೆಲ್ಲ ಸುಮ್ನೆ ಆಗಿಬಿಡೋದಿಲ್ಲ. ಆಗಿದ್ದರೆ ಅಷ್ಟೆಲ್ಲ ಒದ್ದಾಡೋ ಹುಡುಗರು ಮೊದಲು ಆಗಬೇಕಿತ್ತು, ಅಲ್ವಾ?

ನನ್ನ ವಿಷಯದಲ್ಲಿ ದೊಡ್ಡ ತೊಡಕು ಹಿಮೋಗ್ಲೋಬಿನ್. ಎರಡು ಸೆಟ್‌ಗೆ ತಲೆ ಸುತ್ತುತ್ತಿತ್ತು. ಡಾಕ್ಟರ್ ಹೇಳಿದ ಹಾಗೆ ಕಬ್ಬಿಣದ ಮಾತ್ರೆ ತಗೊಂಡು ಅದು ಸರಿಯಾದ ಮೇಲೆ ಭಾರ ತಾನಾಗಿ ಏರತೊಡಗಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನರಿಗೆ ರಕ್ತಹೀನತೆ ಇದೆ ಅಂತ ಬಂದಿದೆ. ಅಂದರೆ ಅರ್ಧಕ್ಕಿಂತ ಜಾಸ್ತಿ. ಜಿಮ್ ಫೀಸ್ ಕಟ್ಟೋ ಮುಂಚೆ ಆ ಒಂದು ಟೆಸ್ಟ್ ಮಾಡಿಸಿಕೊಳ್ಳಿ ಅಕ್ಕ ತಂಗಿಯರೇ. ಮಾತ್ರೆ ಜೊತೆ ಕಾಫಿ ಕುಡಿಯಬೇಡಿ, ಕಬ್ಬಿಣ ಮೈಗೆ ಸರಿಯಾಗಿ ಸೇರೋದಿಲ್ಲ.

ಕುಂದಾಪ್ರದವ
ಸಣ್ಣ ಮೈಯವರಿಗೆ ನಮ್ಮ ಕುಂದಾಪುರ ತಾಲೂಕಿನ ಗುರುರಾಜ ಪೂಜಾರಿ ನೆನಪಾಗಬೇಕು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 56 ಕೆಜಿ ವಿಭಾಗದಲ್ಲಿ ಬೆಳ್ಳಿ. ಎತ್ತಿದ್ದು ಒಟ್ಟು 249 ಕೆಜಿ. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ವಿಭಾಗದಲ್ಲಿ ಕಂಚು, ಅಲ್ಲಿ 269. ತಂದೆ ಲಾರಿ ಡ್ರೈವರ್, ಎಂಟೂ ದಿಕ್ಕಿಂದ ಪೌಷ್ಟಿಕ ಆಹಾರ ಬಂದು ಬೀಳುವ ಮನೆಯಲ್ಲ. ಉಜಿರೆಯ ಕಾಲೇಜಿನಲ್ಲಿ ಕಲಿತದ್ದು ಈ ವಿದ್ಯೆ. ನಿಮಗಿಂತ ಅಂಥ ಜಾಸ್ತಿ ತೂಕವೇನೂ ಇರಲಿಲ್ಲ ಆಗ.

ಕಬ್ಬಿಣದಂಗಡಿ
ಹೆಮ್ಮೆಯ ವಿಷಯ, ಒಪ್ಪಿದೆ. ಆದರೆ ಕೇಳ್ತಿರೋದು ಬೇರೆ. ವೇಟ್‌ಲಿಫ್ಟರ್‌ಗೆ ತನ್ನ ತೂಕದ ವಿಭಾಗ ದಾಟಬಾರದು, ಇದ್ದ ಮೈಯಲ್ಲೇ ಬಲ, ವೇಗ, ಕೌಶಲ ತುಂಬಬೇಕು. ಇವರಿಗೆ ಬೇಕಾಗಿರೋದು ಮೈ ತುಂಬೋದು. ಎರಡರ ತರಬೇತಿಯೂ ಒಂದೇ ಅಲ್ಲ.

ಕುಂದಾಪ್ರದವ
ಮಾರಾಯ್ರೆ, ಅದೇ ತಾನೆ ನಾನು ಹೇಳುವುದು. ಮೈ ತುಂಬದಿದ್ದರೂ ಬಲ ಬರುತ್ತದೆ. ಇವರು ತಕ್ಕಡಿ ಮಾತ್ರ ನೋಡುತ್ತಾ ಕೂತರೆ ಮೂರನೇ ತಿಂಗಳಿಗೆ ಜಿಮ್ ಬಿಡುತ್ತಾರೆ. ಮೊದಲ ವಾರಗಳಲ್ಲಿ ಏರುವುದು ಬಲ. ನರಗಳು ಇದ್ದ ಸ್ನಾಯುವನ್ನು ಸರಿಯಾಗಿ ಬಳಸಲು ಕಲಿಯುತ್ತವೆ. ಕಣ್ಣಿಗೆ ಕಾಣುವ ಹಾಗೆ ದಪ್ಪ ಆಗಲು ಎರಡು ಮೂರು ತಿಂಗಳು ಬೇಕೇ ಬೇಕು. ಅಷ್ಟರವರೆಗೆ ಹಿಡಿದಿಟ್ಟುಕೊಳ್ಳಲು ಆ ನೋಟ್‌ಬುಕ್ಕಿನ ಅಂಕಿ ಬೇಕು, ನೀವೇ ಬರೆದದ್ದು.

ಕಬ್ಬಿಣದಂಗಡಿ
ಹಾಗೆ ಹೇಳಿದರೆ ತಕರಾರಿಲ್ಲ.

ಮಟ್ಟಿಮಣ್ಣು
ಕುಳ್ಳು ಮೈಯವರಿಗೂ ಒಂದು ಹೆಸರು ಇರಲಿ. ಕೋಲ್ಕತ್ತದ ಮನೋಹರ್ ಐಚ್. ಎತ್ತರ 5 ಅಡಿಗೂ ಕಮ್ಮಿ. 1952ರಲ್ಲಿ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯಲ್ಲಿ ಕುಳ್ಳರ ವಿಭಾಗ ಗೆದ್ದರು, 2016ರಲ್ಲಿ ತೀರಿಕೊಂಡಾಗ ನೂರು ದಾಟಿತ್ತು. ಬ್ರಿಟಿಷರ ಕಾಲದಲ್ಲಿ ಜೈಲಿಗೆ ಹೋಗಿದ್ದಾಗ ಅಲ್ಲೇ ಸಾಮು ತೆಗೆಯುತ್ತಿದ್ದರಂತೆ. ಪಿಜಿ ಊಟ ಸರಿ ಇಲ್ಲ ಅನ್ನುವವರಿಗೆ ಹೇಳಿದೆ.

ಹಂಚಿಕಡ್ಡಿ
ಸ್ವಲ್ಪ ಅಪ್‌ಡೇಟ್. ರಕ್ತಪರೀಕ್ಷೆ ಆಯಿತು. ಥೈರಾಯ್ಡ್, ಸಕ್ಕರೆ ಸರಿ ಇದೆ. ವಿಟಮಿನ್ ಡಿ ಕಮ್ಮಿ ಅಂತ ಡಾಕ್ಟರ್ ವಾರಕ್ಕೊಂದು ಸ್ಯಾಶೆ ಬರೆದುಕೊಟ್ಟರು. ಟ್ರೆಡ್‌ಮಿಲ್ ಬಿಟ್ಟೆ. ಮೂರು ದಿನದ ಚಾರ್ಟ್ ನಡೀತಿದೆ. ಸ್ಕ್ವಾಟ್ ಬರೀ ರಾಡ್‌ನಲ್ಲಿ ಶುರು ಮಾಡಿ ಈಗ 40 ಕೆಜಿ. ಬೆಳಿಗ್ಗೆ ಹೊಟ್ಟೆ ಖಾಲಿ ಇದ್ದಾಗ ತೂಕ ನೋಡಿದರೆ 53ರ ಮೇಲೆ ಬರುತ್ತಿದೆ.

ಆದರೆ ಒಂದು ಕಷ್ಟ. ತಿನ್ನೋದಕ್ಕೇ ಆಗ್ತಿಲ್ಲ. ಹಸಿವೇ ಇರೋದಿಲ್ಲ. ಪಕ್ಕದ ಬೆಡ್‌ನವನು ಇದರ ಅರ್ಧ ತಿಂದು ಹೊಟ್ಟೆ ಬರಿಸಿಕೊಂಡಿದ್ದಾನೆ. ಇದು ಯಾವ ನ್ಯಾಯ?

ಲೆಕ್ಕದ_ಮೇಷ್ಟ್ರು
ಪಕ್ಕದ ಬೆಡ್‌ನವನ ವಿಷಯಕ್ಕೆ ಒಂದು ಸೊಗಸಾದ ಪ್ರಯೋಗ ಇದೆ. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 16 ಜನರಿಗೆ ಎಂಟು ವಾರ, ದಿನಕ್ಕೆ 1,000 ಕ್ಯಾಲೊರಿ ಜಾಸ್ತಿ ತಿನ್ನಿಸಿದರು. ಎಲ್ಲರಿಗೂ ಅಷ್ಟೇ ಹೆಚ್ಚುವರಿ. ಆದರೆ ಒಬ್ಬರಿಗೆ ಏರಿದ ಕೊಬ್ಬು ಅರ್ಧ ಕೆಜಿಯೂ ಇಲ್ಲ, ಇನ್ನೊಬ್ಬರಿಗೆ 4 ಕೆಜಿಯ ಮೇಲೆ. ವ್ಯತ್ಯಾಸ ಎಲ್ಲಿಂದ ಬಂತು ಅಂತ ನೋಡಿದರೆ, ಕೆಲವರ ಮೈ ಜಾಸ್ತಿ ತಿಂದ ಕೂಡಲೇ ಗೊತ್ತಿಲ್ಲದೆ ಜಾಸ್ತಿ ಅಲ್ಲಾಡತೊಡಗುತ್ತದೆ. ಕಾಲು ಕುಣಿಸೋದು, ಎದ್ದು ಓಡಾಡೋದು, ಕೂತಲ್ಲಿ ಕೂರದೆ ಇರೋದು. ಜಿಮ್ ಲೆಕ್ಕಕ್ಕೆ ಬಾರದ ಈ ಚಲನೆಯಲ್ಲೇ ನೂರಾರು ಕ್ಯಾಲೊರಿ ಹೋಗುತ್ತದೆ.

ಫೋನ್‌ನಲ್ಲಿ ಮಾತಾಡುವಾಗ ಕಾರಿಡಾರ್ ಉದ್ದಕ್ಕೂ ನಡೀತೀರಾ? ಹಾಗಾದರೆ ನೀವು ಆ ಗುಂಪು. ನ್ಯಾಯ ಇಲ್ಲ, ಆದರೆ ಲೆಕ್ಕ ಇದೆ: ಎರಡು ವಾರದ ಸರಾಸರಿ ತೂಕ ನಿಂತಲ್ಲೇ ನಿಂತರೆ ಇನ್ನೊಂದು 200 ಕ್ಯಾಲೊರಿ ಸೇರಿಸಿ. ವಾರಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ ಏರಿದರೆ ಸಾಕು. ಅದಕ್ಕಿಂತ ಬೇಗ ಏರುವುದು ಬಹುಪಾಲು ಹೊಟ್ಟೆ ಸೇರುತ್ತದೆ.

ರೊಟ್ಟಿಚಟ್ನಿ
ಹಸಿವಿಲ್ಲ ಅಂದ್ರೆ ಕುಡೀರಿ. ಅಗಿಯೋದಕ್ಕಿಂತ ಕುಡಿಯೋದು ಹಗುರ. ಊಟದ ಮುಂಚೆ ನೀರು, ಟೀ ಬೇಡ, ಹೊಟ್ಟೆ ತುಂಬಿದ ಹಾಗೆ ಆಗ್ತದ. ಅನ್ನಕ್ಕೆ ಒಂದು ದೊಡ್ಡ ಚಮಚ ತುಪ್ಪ ಹಾಕಿದ್ರೆ ಗೊತ್ತಾಗದ ಹಾಗೆ 120 ಕ್ಯಾಲೊರಿ ಒಳಗೆ. ಬಿಸ್ಕತ್ತಿನ ಜಾಗಕ್ಕೆ ಶೇಂಗಾ ಚಿಕ್ಕಿ. ಮತ್ತೆ ಶನಿವಾರ ಭಾನುವಾರದ ತಿಂಡಿ! ಐದು ದಿನ ಕೂಡಿಸಿದ್ದನ್ನು ಎರಡು ದಿನದ ನಿದ್ದೆಯಲ್ಲಿ ಕಳೀತೀರಿ.

ಸಂಜೆಮಲ್ಲಿಗೆ_ಶಿವಮೊಗ್ಗ
ನಿದ್ದೆ ಮಾತ್ರ ಕಮ್ಮಿ ಮಾಡಬೇಡಿ. ಏಳರಿಂದ ಒಂಬತ್ತು ಗಂಟೆ. ರಾತ್ರಿ ಎರಡರವರೆಗೆ ರೀಲ್ಸ್ ನೋಡಿ ಬೆಳಿಗ್ಗೆ ಸ್ಕ್ವಾಟ್ ಹೊಡೆದರೆ ಆ ದಿನದ ನೋಟ್‌ಬುಕ್ ನೋಡೋ ಹಾಗಿರೋದಿಲ್ಲ.

ಹಂಚಿಕಡ್ಡಿ
ಹಾಗೇ ಇನ್ನೊಂದು. ಬೆಂಚ್ ಪ್ರೆಸ್ 30 ಕೆಜಿಗೆ ಬಂದಾಗಿಂದ ಬಲ ಭುಜದ ಮುಂಭಾಗದಲ್ಲಿ ಚುಳುಕ್ ಅನ್ನುತ್ತೆ. ರಾಡ್ ಕೆಳಗೆ ಬಂದಾಗ ಮಾತ್ರ. ಬಿಟ್ಟುಬಿಡಲಾ?

ಫಿಸಿಯೋ_ಮಂಗಳೂರು
ಪೂರ್ತಿ ಬಿಡುವ ಅಗತ್ಯ ಬಹುಶಃ ಇಲ್ಲ. ನೋಡದೆ ಹೇಳುವುದು ಕಷ್ಟ, ಆದರೆ ಹೊಸಬರಲ್ಲಿ ಸಾಮಾನ್ಯವಾಗಿ ಕಾಣುವುದು ಇದು: ಮೊಣಕೈ ಭುಜದ ನೇರಕ್ಕೆ ಅಗಲವಾಗಿ ಹೋಗಿರುತ್ತದೆ, ರಾಡ್ ಕತ್ತಿನ ಹತ್ತಿರ ಇಳಿಯುತ್ತಿರುತ್ತದೆ. ಮೊಣಕೈ ಪಕ್ಕೆಲುಬಿನಿಂದ ಸುಮಾರು 45ರಿಂದ 60 ಡಿಗ್ರಿ ಇರಲಿ. ರಾಡ್ ಎದೆಯ ಕೆಳಭಾಗಕ್ಕೆ, ಮೊಲೆತೊಟ್ಟಿನ ಮಟ್ಟಕ್ಕೆ ಮುಟ್ಟಲಿ. ರಾಡ್ ಎತ್ತುವ ಮೊದಲು ಎರಡೂ ಹೆಗಲ ಮೂಳೆಗಳನ್ನು ಹಿಂದಕ್ಕೆ ಒತ್ತಿ ಬೆಂಚಿಗೆ ಕಚ್ಚಿಸಿ, ಸೆಟ್ ಮುಗಿಯುವವರೆಗೆ ಬಿಡಬೇಡಿ. ಹೆಬ್ಬೆರಳು ರಾಡ್ ಸುತ್ತ ಇರಲೇಬೇಕು.

ಎರಡು ವಾರ 20 ಕೆಜಿಗೆ ಇಳಿದು ಮಾಡಿ, ಇಲ್ಲವೇ ಡಂಬೆಲ್‌ನಲ್ಲಿ ಮಾಡಿ. ರೋ ಸೆಟ್‌ಗಳನ್ನು ಕಮ್ಮಿ ಮಾಡಬೇಡಿ. ರಾತ್ರಿ ಆ ಕಡೆ ಮಗ್ಗುಲಾದರೆ ನೋವು, ಕೈ ಮೇಲೆತ್ತಿ ಶರ್ಟ್ ಹಾಕಲು ನೋವು ಅಂತಾದರೆ ಮುಂದುವರಿಸದೆ ಯಾರಿಗಾದರೂ ತೋರಿಸಿ.

ಒಬ್ಬರೇ ಬೆಂಚ್ ಮಾಡುತ್ತಿದ್ದರೆ ರಾಡ್‌ಗೆ ಕ್ಲಿಪ್ ಹಾಕಬೇಡಿ. ಸಿಕ್ಕಿಕೊಂಡರೆ ಒಂದು ಕಡೆ ವಾಲಿಸಿ ಪ್ಲೇಟ್ ಬೀಳಿಸಿ ಹೊರಬರಬಹುದು.

ಹಂಚಿಕಡ್ಡಿ
ಸರಿ ಸರ್. ನಾಳೆ ವಿಡಿಯೋ ಮಾಡಿಸಿ ಹಾಕ್ತೀನಿ, ಪಕ್ಕದಿಂದ ತೆಗೆದರೆ ಸಾಕಾ?

ಫಿಸಿಯೋ_ಮಂಗಳೂರು
ಪಕ್ಕದಿಂದ ಒಂದು, ಕಾಲಿನ ಕಡೆಯಿಂದ ಒಂದು. ಕಾಲಿನ ಕಡೆಯದರಲ್ಲಿ ಎರಡೂ ಮೊಣಕೈ ಕಾಣಬೇಕು. ಕೊನೆಯ ಸೆಟ್‌ನದ್ದು ಹಾಕಿ, ಮೊದಲ ಸೆಟ್‌ನಲ್ಲಿ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ.